ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಕಾಪಿ ನಡುವೆಯೇ ನಿಲ್ಲುತ್ತಿದೆ. ಮೊದಲು ಏನು ಮಾಡಲಿ?

ನಿದ್ದೆಗೇಡಿ ಬರೆದಿದ್ದು:

ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾಗಿದ್ದರೆ ಹೊಂದಿಸಿಕೊಂಡು ಓದಿ.

ನನ್ನದು 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಅಂಗೈಯಗಲದ್ದು, ಅಡಾಪ್ಟರ್ ಬೇಡದೆ ಯುಎಸ್‌ಬಿ ಕೇಬಲ್‌ನಲ್ಲೇ ಓಡುವಂಥದ್ದು. ತೆಗೆದುಕೊಂಡು ಆರು ವರ್ಷ ಆಯಿತು. ಸುಮಾರು 700 ಜಿಬಿ ತುಂಬಿದೆ. ಅದರಲ್ಲಿ ಮುಕ್ಕಾಲು ಪಾಲು ಸಿನಿಮಾ, ಹಳೇ ಸಾಫ್ಟ್‌ವೇರ್, ಅದು ಹೋದರೆ ಹೋಗಲಿ. ಉಳಿದಿದ್ದು ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳು. ಮತ್ತೆ 14 ಆಡಿಯೋ ಫೈಲ್, ಅಪ್ಪ ತಮ್ಮ ಚಿಕ್ಕಂದಿನ ಕಥೆ ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದು. ಅಪ್ಪ ಈಗಿಲ್ಲ.

ಬ್ಯಾಕಪ್ ಇಲ್ವಾ ಅಂತ ಕೇಳುತ್ತೀರಿ, ಗೊತ್ತು. ಇದೇ ಬ್ಯಾಕಪ್ ಆಗಿತ್ತು. ಮೊದಲು ಲ್ಯಾಪ್‌ಟಾಪಿನಲ್ಲೂ ಎಲ್ಲ ಇತ್ತು. ಅಲ್ಲಿ ಜಾಗ ಸಾಲದೆ ಬಂದಾಗ "ಹೇಗೂ ಡಿಸ್ಕಿನಲ್ಲಿದೆಯಲ್ಲ" ಅಂತ ಲ್ಯಾಪ್‌ಟಾಪಿನಿಂದ ಅಳಿಸಿದೆ. ಅವತ್ತಿನಿಂದ ಇದು ಬ್ಯಾಕಪ್ ಅಲ್ಲ, ಇರೋದೇ ಇದೊಂದು ಅನ್ನುವುದು ನನ್ನ ತಲೆಗೇ ಹೋಗಲಿಲ್ಲ.

ಸೋಮವಾರ ಶುರುವಾಯಿತು. ಫೋಟೋ ಫೋಲ್ಡರ್ ತೆರೆದರೆ ಮೇಲಿನ ಹಸಿರು ಪಟ್ಟಿ ತೆವಳುತ್ತಾ ಹೋಗುತ್ತದೆ, ಕೊನೆ ಮುಟ್ಟುವುದೇ ಇಲ್ಲ. ಕಾಪಿ ಹಾಕಿದರೆ 80 ಎಂಬಿ ವೇಗದಲ್ಲಿ ಓಡಿ, ಇದ್ದಕ್ಕಿದ್ದ ಹಾಗೆ ಸೊನ್ನೆಗೆ ಇಳಿದು, ಐದು ನಿಮಿಷ ಬಿಟ್ಟು "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಅಂತ ಎರರ್ ಬರುತ್ತದೆ. ನಿನ್ನೆ ರಾತ್ರಿ ಸದ್ದೂ ಬಂತು. ಟಿಕ್, ಟಿಕ್, ಟಿಕ್, ಆಮೇಲೆ ಸುಂಯ್ ಅಂತ ತಿರುಗುವ ಸದ್ದು, ಮತ್ತೆ ಟಿಕ್. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ "ಕಾಶನ್" ಅಂತಿದೆ. 05ರ ಮುಂದೆ ಬರೀ ಸೊನ್ನೆ. ಸಿ5ರ ಮುಂದೆ ಕೊನೆಯಲ್ಲಿ 1ಬಿ8 ಅಂತ ಇದೆ, ಇದೇನು ಸಂಖ್ಯೆಯೋ ಗೊತ್ತಾಗಲಿಲ್ಲ.

ಗೆಳೆಯ ಒಬ್ಬ ಚೆಕ್‌ಡಿಸ್ಕ್ (ವಿಂಡೋಸ್‌ನಲ್ಲೇ ಇರುವ ಡಿಸ್ಕ್ ರಿಪೇರಿ ಪ್ರೋಗ್ರಾಂ) ಹಾಕು ಅನ್ನುತ್ತಾನೆ. ನಮ್ಮ ಭಾವ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಡು ಅನ್ನುತ್ತಾರೆ. ಹೆಂಡತಿ ಯಾರ ಮಾತೂ ಕೇಳಬೇಡ, ಮುಟ್ಟಲೇಬೇಡ ಅನ್ನುತ್ತಾಳೆ. ಯಾರದ್ದು ಸರಿ?


ಒಂದೇಕ್ಲಿಕ್ ಬರೆದಿದ್ದು:

ಇಷ್ಟಕ್ಕೆಲ್ಲ ಯಾಕೆ ಟೆನ್ಶನ್. ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಇಲ್ಲಾಂದ್ರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಚೆಕ್‌ಡಿಸ್ಕ್ ಜೊತೆಗೆ ಎಫ್ ಮತ್ತು ಆರ್ ಕೊಟ್ಟು ರಾತ್ರಿ ಮಲಗಿ, ಬೆಳಿಗ್ಗೆಗೆ ಸರಿಯಾಗಿರುತ್ತದೆ. ನನ್ನದು ಎರಡು ಸಲ ಹಾಗೇ ಸರಿಯಾಗಿದೆ.


ಹಳೇಮದರ್‌ಬೋರ್ಡ್ ಬರೆದಿದ್ದು:

ನಿಮ್ಮ ಮನೆಯವರದ್ದೇ ಸರಿ. ಡಿಸ್ಕ್ ಈಗ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಮೊದಲು ಎಜೆಕ್ಟ್ ಮಾಡಿ, ಕಿತ್ತು ಪಕ್ಕಕ್ಕಿಡಿ. ಆಮೇಲೆ ಮುಂದೆ ಓದಿ.

ಚೆಕ್‌ಡಿಸ್ಕ್ ಈಗ ಬೇಡವೇ ಬೇಡ. ಒಂದೇಕ್ಲಿಕ್ ಅವರಿಗೆ ಸರಿಯಾಗಿರಬಹುದು, ಅವರದ್ದು ಬಹುಶಃ ಸುಮ್ನೆ ಕೇಬಲ್ ಕಿತ್ತಿದ್ದಕ್ಕೆ ಕೆಟ್ಟ ಫೈಲ್ ಸಿಸ್ಟಂ (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ) ಇರಬೇಕು, ಡಿಸ್ಕ್ ಆರೋಗ್ಯವಾಗೇ ಇತ್ತು. ನಿಮ್ಮದು ಹಾಗಲ್ಲ. ಚೆಕ್‌ಡಿಸ್ಕ್‌ಗೆ ಬೇಕಿರುವುದು ಲೆಕ್ಕದ ಪುಸ್ತಕ ಸರಿಹೊಂದುವುದು, ನಿಮ್ಮ ಫೋಟೋ ಉಳಿಯುವುದಲ್ಲ. ಯಾವುದೋ ಫೋಲ್ಡರಿನ ವಿವರ ಇರುವ ಜಾಗ ಓದಲಿಕ್ಕೆ ಆಗದಿದ್ದರೆ ಆ ವಿವರವನ್ನೇ ತೆಗೆದುಹಾಕಿ ಲೆಕ್ಕ ಸರಿಯಾಯಿತು ಅಂತ ಹೇಳಿಬಿಡುತ್ತದೆ. ಅದರ ಮೇಲೆ ಆರ್ ಕೊಟ್ಟರೆ ಡಿಸ್ಕಿನ ಮೂಲೆಮೂಲೆಯನ್ನೂ ಓದುತ್ತದೆ, ಖಾಲಿ ಜಾಗ ಕೂಡ. ಉಸಿರಾಡಲು ಕಷ್ಟಪಡುತ್ತಿರುವವನನ್ನು ಓಟಕ್ಕೆ ನಿಲ್ಲಿಸಿದ ಹಾಗೆ.

ಈಗ ನಿಮ್ಮ 1ಬಿ8. ಆ ಸಾಫ್ಟ್‌ವೇರ್ ಅಂಕಿಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಸೆಟ್ಟಿಂಗ್‌ನಲ್ಲಿ ಬದಲಾಯಿಸಬಹುದು. ನಮ್ಮ ಲೆಕ್ಕದಲ್ಲಿ ಅದು 440. ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳು (ಡಿಸ್ಕ್ ಡೇಟಾ ಇಡುವ ಪುಟ್ಟ ತುಂಡು ಜಾಗಗಳು). 05 ಅಂದರೆ ಕೆಟ್ಟಿತು ಅಂತ ತೀರ್ಮಾನವಾಗಿ, ಡಿಸ್ಕ್ ತಾನು ಮೊದಲೇ ಎತ್ತಿಟ್ಟುಕೊಂಡ ಸ್ಪೇರ್ ಜಾಗಕ್ಕೆ ವರ್ಗ ಮಾಡಿದ ಸೆಕ್ಟರ್‌ಗಳು. ನಿಮ್ಮದರಲ್ಲಿ 05 ಸೊನ್ನೆ ಇದೆ ಅಂತ ಖುಷಿಪಡಬೇಡಿ. ಬಾಕಿ ಸೆಕ್ಟರ್ ವರ್ಗವಾಗುವುದು ಸಾಮಾನ್ಯವಾಗಿ ಅದರ ಮೇಲೆ ಮತ್ತೆ ಬರೆದಾಗ. ನೀವು ಬರೆದಿಲ್ಲ, ಹಾಗಾಗಿ ಅವು ಕ್ಯೂನಲ್ಲೇ ನಿಂತಿವೆ. ಇನ್ನೊಂದು ಮಜಾ ನೋಡಿ, 440 ಅನ್ನುವುದು 8ರಿಂದ ಸರಿಯಾಗಿ ಭಾಗವಾಗುತ್ತದೆ, 55 ಬರುತ್ತದೆ. ಈಚಿನ ಡಿಸ್ಕ್‌ಗಳಲ್ಲಿ ಒಂದು ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ಲೆಕ್ಕ ಕೊಡುವುದು ಮಾತ್ರ ಹಳೇ ಕಾಲದ 512ರಲ್ಲಿ. ಅಂದರೆ ಸದ್ಯಕ್ಕೆ ಕೈಕೊಟ್ಟಿರುವ ಜಾಗ 55 ಸೆಕ್ಟರ್ ಇರಬೇಕು, ಒಟ್ಟು 220 ಕೆಬಿ ಸುಮಾರು. ಒಂದು ಫೋಟೋದಷ್ಟೂ ಇಲ್ಲ! ಹೆದರಬೇಕಾದ್ದು ಆ 220 ಕೆಬಿಗಲ್ಲ. ಇದು ಇನ್ನೆಷ್ಟು ದಿನಕ್ಕೆ ಎಷ್ಟಾಗುತ್ತದೆ ಅನ್ನುವುದಕ್ಕೆ.

ಟಿಕ್ ಸದ್ದು ಹೆಡ್‌ನದ್ದು, ಅಂದರೆ ಡಿಸ್ಕನ್ನು ಓದುವ, ಬರೆಯುವ ತುದಿಯದ್ದು. ಓದಬೇಕಾದ ಜಾಗ ಸಿಗದಿದ್ದಾಗ ಅದು ಹಿಂದಕ್ಕೆ ಹೋಗಿ ಮತ್ತೆ ಬಂದು ಪ್ರಯತ್ನ ಪಡುತ್ತದೆ. ಅದಕ್ಕೇ ಎರಡು ಪ್ರಶ್ನೆ ಕೇಳುತ್ತೇನೆ, ಸರಿಯಾಗಿ ನೆನಪು ಮಾಡಿಕೊಂಡು ಹೇಳಿ. ಕೇಬಲ್ ಸಿಕ್ಕಿಸಿದ ಕೂಡಲೇ ಟಿಕ್ ಅನ್ನುತ್ತದಾ, ಅಥವಾ ಯಾವುದೋ ಒಂದು ಫೋಲ್ಡರ್ ಮುಟ್ಟಿದಾಗ ಮಾತ್ರವಾ? ಡಿಸ್ಕ್ ಎಲ್ಲಾದರೂ ಬಿದ್ದಿತ್ತಾ? ಸಿಕ್ಕಿಸಿದ ತಕ್ಷಣ ಸದ್ದು ಬಂದು ಡಿಸ್ಕೇ ಕಾಣಿಸದೆ ಹೋಗುವುದಾದರೆ, ಇಲ್ಲ ಸೈಜ್ ಸೊನ್ನೆ ತೋರಿಸುವುದಾದರೆ, ಮನೆಮದ್ದು ಅಲ್ಲಿಗೇ ನಿಲ್ಲಿಸಿ. ಹೆಡ್ ಹಾಳಾಗಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಅದು ಪ್ಲ್ಯಾಟರ್ (ಒಳಗೆ ತಿರುಗುವ ತಟ್ಟೆ) ಮೇಲೆ ಗೀರು ಎಳೆಯಬಹುದು. ಅಂಥದ್ದನ್ನು ಧೂಳಿಲ್ಲದ ಕ್ಲೀನ್ ರೂಂ ಇರುವ ಡೇಟಾ ರಿಕವರಿ ಲ್ಯಾಬ್‌ಗೇ ಕೊಡಬೇಕು. ದುಡ್ಡು ಜಾಸ್ತಿ ಆಗುತ್ತದೆ, ಬೇರೆ ದಾರಿ ಇಲ್ಲ.


ತಂತಿಗಂಟು ಬರೆದಿದ್ದು:

ಸಣ್ಣ ಮಾತು. ಕೇಬಲ್ ಬದಲಾಯಿಸಿ ನೋಡಿದಿರಾ? ಆ ಚಪ್ಪಟೆ ಮೈಕ್ರೋ ಬಿ ಕನೆಕ್ಟರ್ ವರ್ಷ ಕಳೆದಂತೆ ಸಡಿಲ ಆಗುತ್ತದೆ. ಯುಎಸ್‌ಬಿ ಹಬ್‌ನಲ್ಲಿ ಹಾಕಿದ್ದರೆ ಪವರ್ ಸಾಲದೆಯೂ ಟಿಕ್ ಅನ್ನುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, 3ರದ್ದು 900. ಡಿಸ್ಕ್ ತಿರುಗಲು ಶುರುಮಾಡುವಾಗಲೇ ಅದಕ್ಕೆ ಜಾಸ್ತಿ ಬೇಕು. ಆದರೆ ಸಿ5 ಏರಿದೆ ಅಂದಮೇಲೆ ಬರೀ ಕೇಬಲ್ ತಪ್ಪಲ್ಲ, ಅದನ್ನು ಒಪ್ಪುತ್ತೇನೆ.

ಡಬ್ಬಿ ಬಿಚ್ಚಿ ಡಿಸ್ಕನ್ನು ನೇರವಾಗಿ ಸಾಟಾ ಕೇಬಲ್‌ಗೆ (ಕಂಪ್ಯೂಟರ್ ಒಳಗಿನ ಡಿಸ್ಕ್‌ಗೆ ಬಳಸುವಂಥದ್ದು) ಹಾಕುತ್ತೇನೆ ಅಂತ ಮಾತ್ರ ಹೊರಡಬೇಡಿ. ಇಂಥ ಚಿಕ್ಕ ಡಿಸ್ಕ್‌ಗಳಲ್ಲಿ ಹಲವಕ್ಕೆ ಯುಎಸ್‌ಬಿ ಪೋರ್ಟ್ ಬೋರ್ಡಿನ ಮೇಲೇ ಬೆಸುಗೆ ಆಗಿರುತ್ತದೆ, ಸಾಟಾ ಇರುವುದೇ ಇಲ್ಲ.


ಸ್ಕ್ರೂಡ್ರೈವರ್ ಬರೆದಿದ್ದು:

ಫ್ರೀಜರ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಇಟ್ಟವನು ನಾನೇ. ಎರಡು ಕವರ್, ರಬ್ಬರ್ ಬ್ಯಾಂಡ್, ಎಲ್ಲ ಶಾಸ್ತ್ರೋಕ್ತವಾಗಿ. ಹೊರಗೆ ತೆಗೆದು ಹತ್ತು ನಿಮಿಷಕ್ಕೆ ಡಿಸ್ಕಿನ ಮೇಲೆ ಮುತ್ತಿನ ಹಾಗೆ ನೀರ ಹನಿ. ಒಳಗೂ ಹಾಗೇ ಆಗಿರಬೇಕು. ಆನ್ ಮಾಡಿದೆ, ಕರ್ ಅಂತ ಒಂದು ಸದ್ದು ಬಂತು, ಅದೇ ಕೊನೆ. ಹೆಡ್ ಮತ್ತು ಪ್ಲ್ಯಾಟರ್ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರ್ ಅಂತ ಆಮೇಲೆ ಓದಿದೆ. ಅಲ್ಲಿ ಒಂದು ಹನಿ ಅಂದರೆ ಕೆರೆ ಇದ್ದಂತೆ.

ಅದಕ್ಕಿಂತ ಮುಂಚೆ ಇನ್ನೊಂದು ಡಿಸ್ಕಿನ ಬೋರ್ಡ್ ಬಿಚ್ಚಿ, ಅದೇ ಮಾಡೆಲಿನ ಬೇರೆ ಡಿಸ್ಕ್‌ನದ್ದು ಹಾಕಿ ನೋಡಿದ್ದೆ. ಅದೂ ಆಗಲಿಲ್ಲ. ಪ್ರತಿ ಡಿಸ್ಕಿಗೂ ಅದರದ್ದೇ ಹೊಂದಾಣಿಕೆಯ ಲೆಕ್ಕ ಬೋರ್ಡಿನ ಒಂದು ಚಿಪ್‌ನಲ್ಲಿ ಇರುತ್ತದಂತೆ, ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸೆಯಬೇಕಂತೆ. ಈಗ ನಾನು ಸ್ಕ್ರೂಡ್ರೈವರ್ ಮುಟ್ಟುವುದು ಕುರ್ಚಿಗೆ ಮಾತ್ರ.


ನಿದ್ದೆಗೇಡಿ ಬರೆದಿದ್ದು:

ಎಲ್ಲರಿಗೂ ಥ್ಯಾಂಕ್ಸ್. ಡಿಸ್ಕ್ ಈಗ ಕಪಾಟಿನಲ್ಲಿದೆ.

ಬಿದ್ದಿಲ್ಲ. ನಾನು ನೋಡಿದಂತೆ ಬಿದ್ದಿಲ್ಲ ಅನ್ನಬಹುದು. ಕೇಬಲ್ ಬೇರೆ ಹಾಕಿದೆ, ಲ್ಯಾಪ್‌ಟಾಪಿನ ಪೋರ್ಟಿಗೇ ನೇರವಾಗಿ ಹಾಕಿದೆ, ಅದೇ ಕಥೆ. ಸಿಕ್ಕಿಸಿದಾಗ ಸದ್ದಿಲ್ಲದೆ ತಿರುಗುತ್ತದೆ, ಎಲ್ಲ ಫೋಲ್ಡರ್ ಕಾಣಿಸುತ್ತವೆ. ಮೂರು ವರ್ಷ ಹಿಂದಿನ ಫೋಟೋ ಫೋಲ್ಡರಿಗೆ ಕೈ ಹಾಕಿದಾಗ ಮಾತ್ರ ಟಿಕ್ ಶುರು. ಅಪ್ಪನ ಆಡಿಯೋ ಬೇರೆ ಫೋಲ್ಡರ್, ಅದನ್ನು ಇನ್ನೂ ತೆರೆದಿಲ್ಲ, ಧೈರ್ಯ ಬರಲಿಲ್ಲ. ಎಲ್ಲ ಸೇರಿ 60 ಎಂಬಿ ಇದ್ದೀತು. 2 ಟಿಬಿಯ ಹೊಸ ಡಿಸ್ಕ್ ತಂದಿದ್ದೇನೆ. ಮುಂದೆ?


ಹಳೇಮದರ್‌ಬೋರ್ಡ್ ಬರೆದಿದ್ದು:

ಒಳ್ಳೆ ಸುದ್ದಿ. ಹೆಡ್ ಇನ್ನೂ ಕೆಲಸ ಮಾಡುತ್ತಿದೆ, ಒಂದು ಕಡೆ ಮಾತ್ರ ಎಡವುತ್ತಿದೆ. ಆ ಆಡಿಯೋ ಎಷ್ಟು ಮುಖ್ಯ ಅಂತ ನೀವೇ ತೂಗಿ ನೋಡಿ. ಅದೊಂದು ಹೋದರೆ ಜೀವ ಹೋದ ಹಾಗೆ ಅನ್ನುವುದಾದರೆ ಈಗಲೇ ಲ್ಯಾಬ್‌ಗೆ ಕೊಡಿ, ನಾನು ಹೇಳುವ ಯಾವುದನ್ನೂ ಮಾಡಬೇಡಿ. ಮನೆಯಲ್ಲೇ ಮಾಡುತ್ತೇನೆ ಅಂತಿದ್ದರೆ ಕೇಳಿ.

ಮೊದಲು 14 ಫೈಲ್. ಬೇರೆ ಯಾವ ಫೋಲ್ಡರನ್ನೂ ತೆರೆಯದೆ ನೇರವಾಗಿ ಅಲ್ಲಿಗೇ ಹೋಗಿ, ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿಗೆ ಎಳೆದು, ಎಜೆಕ್ಟ್ ಮಾಡಿ. 60 ಎಂಬಿ ಒಂದೆರಡು ಸೆಕೆಂಡಿನ ಮಾತು. ನಿಯಮದ ಪ್ರಕಾರ ಮೊದಲು ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆಯಬೇಕು ಅಂತ ಯಾರಾದರೂ ಜಗಳಕ್ಕೆ ಬರಬಹುದು, ಬರಲಿ. ಆ ಫೋಲ್ಡರ್‌ನಲ್ಲೂ ಟಿಕ್ ಅಂದರೆ ತಕ್ಷಣ ಬಿಟ್ಟುಬಿಡಿ.

ಫೋಟೋಗಳನ್ನು ಹೀಗೆ ಎಳೆದು ಹಾಕಲು ಹೋಗಬೇಡಿ. ವಿಂಡೋಸ್ ಕೆಟ್ಟ ಜಾಗದಲ್ಲಿ ಸಿಕ್ಕಿಹಾಕಿಕೊಂಡು ಅದನ್ನೇ ಜಪ ಮಾಡುತ್ತದೆ. ವಿಂಡೋಸ್‌ನದ್ದೇ ಕಾಪಿ ಕಮಾಂಡ್ ರೋಬೋಕಾಪಿ ಬಳಸು ಅಂತ ಯಾರಾದರೂ ಹೇಳಿದರೆ ಇದೊಂದು ಗೊತ್ತಿರಲಿ: ನೀವು ಏನೂ ಹೇಳದಿದ್ದರೆ ಅದು ಓದಲಾಗದ ಒಂದು ಫೈಲ್‌ಗೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲವೂ 30 ಸೆಕೆಂಡ್ ಕಾದು. ಲೆಕ್ಕ ಹಾಕಿ, ಒಂದೇ ಫೈಲ್‌ಗೆ 347 ದಿನ.

ಬೇಕಿರುವುದು ಡಿಡಿರೆಸ್ಕ್ಯೂ, ಕೆಡುತ್ತಿರುವ ಡಿಸ್ಕಿನಿಂದ ಡೇಟಾ ಎತ್ತುವ ಪ್ರೋಗ್ರಾಂ. ಗ್ನೂ ಡಿಡಿರೆಸ್ಕ್ಯೂ, ಉಚಿತ. ಉಬುಂಟು ಲಿನಕ್ಸ್‌ನಲ್ಲಿ ಅದರ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ ಅಂತಿದೆ, ನಡುವೆ ಅಡಿಗೆರೆ ಇರುವ ಡಿಡಿ_ರೆಸ್ಕ್ಯೂ ಅಂತ ಇನ್ನೊಂದಿದೆ, ಅದು ಬೇರೆಯೇ ಪ್ರೋಗ್ರಾಂ, ನನ್ನನ್ನೂ ಒಂದು ಸಲ ಏಮಾರಿಸಿತ್ತು. ಪೆನ್ ಡ್ರೈವ್‌ಗೆ ಸಿಸ್ಟಂರೆಸ್ಕ್ಯೂ ಅನ್ನುವ ಲಿನಕ್ಸ್ ಹಾಕಿಕೊಂಡರೆ ಎಲ್ಲ ಅದರಲ್ಲೇ ಬರುತ್ತದೆ, ಲ್ಯಾಪ್‌ಟಾಪನ್ನು ಅದರಿಂದ ಬೂಟ್ ಮಾಡಿ. ವಿಂಡೋಸ್‌ನಲ್ಲಿ ಯಾಕೆ ಬೇಡ ಅಂದರೆ, ಅದು ಡಿಸ್ಕ್ ಕಂಡ ಕೂಡಲೇ ಏನಾದರೂ ಬರೆಯಲು ಕೈ ಹಾಕುತ್ತದೆ.

ಇದರ ಜಾಣತನ ಎಲ್ಲಿದೆ ಅಂದರೆ, ಇದು ಫೈಲ್, ಫೋಲ್ಡರ್ ಏನನ್ನೂ ನೋಡುವುದಿಲ್ಲ. ಡಿಸ್ಕಿನ ಒಂದು ತುದಿಯಿಂದ ಸೆಕ್ಟರ್‌ಗಳನ್ನು ಎತ್ತಿಕೊಂಡು ಹೋಗುತ್ತದೆ, ಎಡವಿದ ಕಡೆ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ, ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಂಡು ಆಮೇಲೆ ಬಿಟ್ಟುಹೋದ ಕಡೆ ವಾಪಸ್ ಬರುತ್ತದೆ. ಎಲ್ಲೆಲ್ಲಿ ಏನಾಯಿತು ಅನ್ನುವುದನ್ನು ಮ್ಯಾಪ್‌ಫೈಲ್ ಅಂತ ಒಂದು ಚಿಕ್ಕ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಮ್ಯಾಪ್‌ಫೈಲ್ ಹೆಸರು ಕೊಡದೆ ಶುರುಮಾಡಬೇಡಿ. ಅದಿದ್ದರೆ ನಡುವೆ ನಿಲ್ಲಿಸಿ, ಮಾರನೇ ದಿನ ಅಲ್ಲಿಂದಲೇ ಮುಂದುವರಿಸಬಹುದು. ಮೊದಲ ಸುತ್ತಿನಲ್ಲಿ ಎನ್ ಆಯ್ಕೆ ಕೊಡಿ, ಕೆಟ್ಟ ಜಾಗವನ್ನು ಕೆರೆದು ನೋಡುವ ಕೆಲಸ ಬಿಡುತ್ತದೆ. ಅದಾದ ಮೇಲೆ ಎನ್ ತೆಗೆದು, ಆರ್ 3 ಕೊಟ್ಟು ಎರಡನೇ ಸುತ್ತು.

ಮೂಲ ಯಾವುದು, ಹೋಗಬೇಕಾದ್ದು ಎಲ್ಲಿಗೆ ಅನ್ನುವುದನ್ನು ಮೂರು ಸಲ ನೋಡಿ ಎಂಟರ್ ಒತ್ತಿ. ಅದಲುಬದಲಾದರೆ ಖಾಲಿ ಡಿಸ್ಕ್ ಹೋಗಿ ಫೋಟೋ ಮೇಲೆ ಕೂರುತ್ತದೆ. ನಿಮ್ಮದು ಒಂದು 1 ಟಿಬಿ, ಇನ್ನೊಂದು 2, ಸೈಜ್ ನೋಡಿದರೆ ಗೊತ್ತಾಗುತ್ತದೆ, ಅದೇ ಪುಣ್ಯ. ಹೊಸ ಡಿಸ್ಕಿನಲ್ಲಿ ಒಂದು ಇಮೇಜ್ ಫೈಲ್ ಆಗಿ ಇಳಿಸಿ. ಹೊಸದು ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ ಇರಬಾರದು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿ. ಹಳೇ ಡಿಸ್ಕನ್ನು ಗಟ್ಟಿ ಮೇಜಿನ ಮೇಲೆ ಮಲಗಿಸಿ, ಫ್ಯಾನ್ ಗಾಳಿ ಬೀಳಲಿ, ತಿರುಗುವಾಗ ಕದಲಿಸಬೇಡಿ.

ಹೊತ್ತು ಎಷ್ಟಾಗುತ್ತದೆ ಅಂತ ಕೇಳುವ ಮೊದಲೇ ಹೇಳುತ್ತೇನೆ. 100 ಎಂಬಿ ವೇಗ ಇದ್ದರೆ 1 ಟಿಬಿಗೆ ಮೂರು ಗಂಟೆ ಒಳಗೆ. 1 ಎಂಬಿಗೆ ಇಳಿದರೆ ಹನ್ನೊಂದೂವರೆ ದಿನ. ನಿಮ್ಮದು ಇವೆರಡರ ನಡುವೆ ಎಲ್ಲೋ ಇರುತ್ತದೆ.


ಒಂದೇಕ್ಲಿಕ್ ಬರೆದಿದ್ದು:

ಸರಿ, ನನ್ನ ಸಲಹೆ ವಾಪಸ್ ತಗೊಂಡೆ. ಒಂದು ಅನುಮಾನ. ಫಾರ್ಮ್ಯಾಟ್ ಮಾಡಿದರೆ ಸಿ5 ಸೊನ್ನೆಗೆ ಬರುತ್ತದಲ್ಲ, ನಾನೇ ನೋಡಿದ್ದೇನೆ. ಆಗ ಡಿಸ್ಕ್ ಸರಿಯಾಯಿತು ಅಂತಲ್ವಾ?


ಹಳೇಮದರ್‌ಬೋರ್ಡ್ ಬರೆದಿದ್ದು:

ಪೂರ್ತಿ ಫಾರ್ಮ್ಯಾಟ್ ಅಂದರೆ ಎಲ್ಲ ಕಡೆ ಹೊಸದಾಗಿ ಬರೆಯುವುದು. ಕ್ಯೂನಲ್ಲಿ ನಿಂತವು ಆಗ ಇತ್ಯರ್ಥ ಆಗುತ್ತವೆ, ಕೆಲವು ಮತ್ತೆ ಓದಲು ಬರುತ್ತವೆ, ಕೆಲವು 05ಕ್ಕೆ ಸೇರುತ್ತವೆ. ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಸವೆದದ್ದು ಹಾಗೇ ಇರುತ್ತದೆ. ನಿಮ್ಮ ಆ ಎರಡು ಡಿಸ್ಕ್ ಈಗಲೂ ಬಳಸುತ್ತಿದ್ದೀರಾ? ಹಾಗಿದ್ದರೆ ಇವತ್ತು ಒಂದು ಸಲ ಸ್ಮಾರ್ಟ್ ರಿಪೋರ್ಟ್ (ಈ 05, ಸಿ5 ಎಲ್ಲ ಇರುವ ಪಟ್ಟಿ) ನೋಡಿ.


ಒಂದೇಕ್ಲಿಕ್ ಬರೆದಿದ್ದು:

ನೋಡಿದೆ. ಒಂದರಲ್ಲಿ 05 ನೂರು ದಾಟಿದೆ. ಹೊಸ ಡಿಸ್ಕ್ ತರಲು ಹೊರಟೆ.


ನಿದ್ದೆಗೇಡಿ ಬರೆದಿದ್ದು:

ನಾಲ್ಕು ದಿನ ಆಯಿತು, ಏನಾಯಿತು ಅಂತ ಹೇಳದೆ ಇರಬಾರದು.

ಲ್ಯಾಬ್ ವಿಚಾರ ಮನೆಯಲ್ಲಿ ಮಾತಾಡಿ, ಕೊನೆಗೆ ನಾನೇ ಮಾಡುವುದು ಅಂತಾಯಿತು. ಆಡಿಯೋ ಮೊದಲೇ ಬಂತು, 14ಕ್ಕೆ 14. ಎಜೆಕ್ಟ್ ಮಾಡಿ ಕೇಬಲ್ ಕಿತ್ತ ಮೇಲೇ ಉಸಿರು ಬಿಟ್ಟಿದ್ದು.

ಡಿಡಿರೆಸ್ಕ್ಯೂ ಮೊದಲ ಒಂದೂವರೆ ಗಂಟೆ 90 ಎಂಬಿ ಮೇಲೆ ಓಡಿತು. ಆಮೇಲೆ ಟಿಕ್ ಶುರುವಾಗಿ ವೇಗ ಕೆಬಿಗೆ ಬಿತ್ತು, ಪರದೆಯ ಮೇಲೆ ಎರರ್ ಲೆಕ್ಕ ಒಂದೊಂದೇ ಏರುತ್ತಿತ್ತು, ನಾನು ಅದನ್ನೇ ನೋಡುತ್ತಾ ಕೂತಿದ್ದೆ. ರಾತ್ರಿ ಎರಡು ಗಂಟೆಗೆ ಡಿಸ್ಕ್ ತಾನಾಗೇ ಕಳಚಿಕೊಂಡಿತು. ನಿಲ್ಲಿಸಿ, ಕೇಬಲ್ ಕಿತ್ತು, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಮತ್ತೆ ಸಿಕ್ಕಿಸಿದೆ. ಇಲ್ಲೊಂದು ಎಡವಟ್ಟು ಆಗುತ್ತಿತ್ತು. ಹಳೇ ಡಿಸ್ಕಿಗೆ ಸಿಸ್ಟಂ ಕೊಟ್ಟಿದ್ದ ಹೆಸರು ಮೊದಲು ಎಸ್‌ಡಿಬಿ ಅಂತಿದ್ದದ್ದು ಈ ಸಲ ಎಸ್‌ಡಿಡಿ ಆಗಿತ್ತು. ಮೂರು ಸಲ ನೋಡಿ ಅಂದಿದ್ದಿರಲ್ಲ, ಎರಡನೇ ಸಲಕ್ಕೆ ಕಣ್ಣಿಗೆ ಬಿತ್ತು. ಅದೇ ಮ್ಯಾಪ್‌ಫೈಲ್ ಕೊಟ್ಟೆ, ನಿಂತ ಕಡೆಯಿಂದಲೇ ಹೊರಟಿತು. ಹೀಗೆ ಒಟ್ಟು ಐದು ಸಲ ಕಳಚಿತು.

ಎರಡು ಸುತ್ತು ಮುಗಿದಾಗ ಬಾರದೇ ಉಳಿದಿದ್ದು 1.3 ಎಂಬಿ. ಸಿ5 ಈಗ 440 ಅಲ್ಲ, ಎರಡು ಸಾವಿರ ದಾಟಿದೆ. ಇನ್ನೊಂದು ವಾರ ತಡಮಾಡಿದ್ದರೆ ಏನಾಗುತ್ತಿತ್ತೋ. ಇಮೇಜ್ ಅನ್ನು ಓದಲು ಮಾತ್ರ ಬರುವಂತೆ ತೆರೆದು ಫೋಟೋಗಳನ್ನು ಲ್ಯಾಪ್‌ಟಾಪಿಗೆ ಇಳಿಸಿದೆ, ಸಿನಿಮಾ ಬಿಟ್ಟ ಮೇಲೆ ಜಾಗ ಸಾಕಾಯಿತು. ಇಲ್ಲಿಯವರೆಗೆ ನೋಡಿದ್ದರಲ್ಲಿ ಮೂರು ಫೋಟೋ ಅರ್ಧಕ್ಕೆ ಬೂದು ಬಣ್ಣ. ಒಂದರಲ್ಲಿ ಮಗಳ ಮುಖ ಇದೆ, ಕೇಕ್ ಇಲ್ಲ. ಅವಳಿಗೆ ತೋರಿಸಿದರೆ ಕೇಕ್ ಯಾರು ತಿಂದರು ಅಂತ ಕೇಳಿದಳು.

ಹಳೇ ಡಿಸ್ಕಿಗೆ ಟೇಪ್ ಅಂಟಿಸಿ "ಸತ್ತಿದೆ, ಫಾರ್ಮ್ಯಾಟ್ ಮಾಡಬೇಡ" ಅಂತ ಬರೆದು ಎತ್ತಿಟ್ಟಿದ್ದೇನೆ, ಎಲ್ಲ ಫೋಟೋ ನೋಡಿ ಮುಗಿಯುವ ತನಕ ಬಿಸಾಡುವುದಿಲ್ಲ. ಆಡಿಯೋ ಈಗ ಲ್ಯಾಪ್‌ಟಾಪ್, ಹೊಸ ಡಿಸ್ಕ್, ಜೊತೆಗೆ ತಂಗಿಯ ಕಂಪ್ಯೂಟರ್, ಮೂರು ಕಡೆ ಇದೆ.

ಭಾವನಿಗೂ ಫೋನ್ ಮಾಡಿ ಹೇಳಿದೆ. "ನಾಲ್ಕು ದಿನ ಹಿಡಿಯಿತಾ? ಫ್ರೀಜರ್‌ನಲ್ಲಿ ಇಟ್ಟಿದ್ದರೆ ಒಂದೇ ರಾತ್ರಿ" ಅಂದರು.